ಹಿರಿಯರ ಮುಂದೆ ಯಾವ ಹಾಡು?

ಅಕ್ಟೋಬರ್ 1 ವಿಶ್ವ ಹಿರಿಯರ ದಿನ. ವಿಶ್ವಸಂಸ್ಥೆ 1990ರಲ್ಲಿ ಗೊತ್ತುಪಡಿಸಿ, 1991ರಿಂದ ಆಚರಣೆಗೆ ಬಂದ ಈ ದಿನ ನಮ್ಮಲ್ಲಿ ದಸರಾ ರಜೆಯ ಆಸುಪಾಸಿನಲ್ಲಿ ಬರುತ್ತದೆ. ಅದಾದ ಒಂದು ತಿಂಗಳಿಗೆ ಕನ್ನಡ ರಾಜ್ಯೋತ್ಸವ. ಹೀಗಾಗಿ ಈ ಎರಡು ತಿಂಗಳು ಹಾಡು ಕಲಿತ ಮಕ್ಕಳಿಗೆ ಬಿಡುವೇ ಇರುವುದಿಲ್ಲ. ಶಾಲೆಯವರು ವೃದ್ಧಾಶ್ರಮಕ್ಕೆ ಕರೆದೊಯ್ಯುತ್ತಾರೆ. ಬಡಾವಣೆಯ ಹಿರಿಯ ನಾಗರಿಕರ ಸಂಘದವರು ಮನೆಗೇ ಬಂದು, ‘ನಿಮ್ಮ ಮಗಳಿಂದ ನಾಲ್ಕು ಹಾಡು ಹಾಡಿಸಿ’ ಎಂದು ಕೇಳುತ್ತಾರೆ. ಆಗ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ ಯಾವ ಲಂಗ ಉಡಿಸಬೇಕು ಎಂಬುದು. ಎರಡನೆಯದು, ಏನು ಹಾಡಿಸಬೇಕು ಎಂಬುದು.

ಮೊದಲನೆಯದಕ್ಕೆ ಚರ್ಚೆ ನಡೆಯುತ್ತದೆ. ಎರಡನೆಯದಕ್ಕೆ ಉತ್ತರ ಸಿದ್ಧವಾಗಿರುತ್ತದೆ: ‘ವಯಸ್ಸಾದವರಲ್ಲವೇ, ಎರಡು ದೇವರನಾಮ, ಒಂದು ಭಜನೆ, ಕೊನೆಗೊಂದು ಮಂಗಳ, ಸಾಕು.’ ಇನ್ನು ಕೆಲವರು ಪರೀಕ್ಷೆಗೆ ಕಲಿಸಿದ ವರ್ಣವನ್ನೋ, ಸ್ಪರ್ಧೆಯಲ್ಲಿ ಬಹುಮಾನ ಗಳಿಸಿದ ಹಾಡನ್ನೋ ಹಾಡಿಸುತ್ತಾರೆ. ಎರಡರಲ್ಲೂ ದೋಷವೇನಿಲ್ಲ. ಆದರೆ ಎರಡೂ ಕೇಳುವವರ ಮುಖವನ್ನು ನೋಡುವ ಮೊದಲೇ ಆಗಿಹೋದ ತೀರ್ಮಾನಗಳು.

ನಮ್ಮ ಪೀಣ್ಯದ ಕಡೆಯ ಸಭೆಯೊಂದನ್ನೇ ತೆಗೆದುಕೊಳ್ಳಿ. ದಾಸರಹಳ್ಳಿ, ರಾಜಗೋಪಾಲನಗರ, ಲಗ್ಗೆರೆ, ಹೆಗ್ಗನಹಳ್ಳಿಗಳ ಸಮುದಾಯ ಭವನಗಳಲ್ಲಿ ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕುಳಿತವರು ಯಾರು? ಪಕ್ಕದ ಜಾಲಹಳ್ಳಿಯಲ್ಲಿ 1950ರ ದಶಕದಲ್ಲೇ ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳು ಎದ್ದವು. 1970ರ ದಶಕದ ಕೊನೆಯ ಹೊತ್ತಿಗೆ ಪೀಣ್ಯದ ಕೈಗಾರಿಕಾ ಪ್ರದೇಶ ಬೆಳೆಯತೊಡಗಿತು. ಮಾಗಡಿ, ಕುಣಿಗಲ್, ತುಮಕೂರು, ಹಾಸನ, ಮಂಡ್ಯಗಳಿಂದ, ಹಾಗೆಯೇ ತಮಿಳುನಾಡು, ಕೇರಳಗಳಿಂದ ಹುಡುಗರು ಬಂದು ಟರ್ನರ್ ಆದರು, ಫಿಟ್ಟರ್ ಆದರು, ಪವರ್ ಪ್ರೆಸ್ಸಿನ ಮುಂದೆ ನಿಂತರು. ಆಯುಧಪೂಜೆಯ ದಿನ ಲೇತ್ ಯಂತ್ರಕ್ಕೆ ಕುಂಬಳಕಾಯಿ ಒಡೆದ ಮೇಲೆ, ರಾಜ್ಯೋತ್ಸವದ ಸಂಜೆ ಶೆಡ್ಡಿನ ಮುಂದಿನ ಶಾಮಿಯಾನದ ಕೆಳಗೆ, ಆರ್ಕೆಸ್ಟ್ರಾದವರು ಪಿ.ಬಿ. ಶ್ರೀನಿವಾಸರಂತೆ, ಎಸ್. ಜಾನಕಿಯವರಂತೆ ಹಾಡುವಾಗ ಶಿಳ್ಳೆ ಹೊಡೆದವರು ಇವರೇ. ಇಂಥವರನ್ನು ‘ತಾತ’ ಎಂದು ಕರೆದ ಕೂಡಲೇ, ಹುಟ್ಟಿದಂದಿನಿಂದಲೂ ಕಣ್ಣು ಮುಚ್ಚಿ ಭಜನೆ ಕೇಳುತ್ತ ಕುಳಿತಿದ್ದವರೆಂದು ನಾವು ಭಾವಿಸಿಬಿಡುತ್ತೇವೆ.

ಹಾಡು ಆರಿಸುವ ಮೊದಲು ಒಂದು ಸಣ್ಣ ಲೆಕ್ಕ ಮಾಡಿ. ಮನುಷ್ಯನಿಗೆ ಯಾವ ಕಾಲದ ಸಂಗೀತ ಹೆಚ್ಚು ಪ್ರಿಯ ಎಂದು ಅಮೆರಿಕದ ಹಾಲ್‌ಬ್ರೂಕ್ ಮತ್ತು ಷಿಂಡ್ಲರ್ ಎಂಬಿಬ್ಬರು ಪರೀಕ್ಷಿಸಿ 1989ರಲ್ಲಿ ಪ್ರಕಟಿಸಿದರು. ಕೇಳುಗರಿಗೆ ಸುಮಾರು 23–24 ವರ್ಷ ವಯಸ್ಸಾಗಿದ್ದಾಗ ಜನಪ್ರಿಯವಾಗಿದ್ದ ಹಾಡುಗಳ ಮೇಲೆ ಅವರ ಒಲವು ಎಲ್ಲಕ್ಕಿಂತ ಹೆಚ್ಚಿತ್ತು. ನೆನಪಿನ ಬಗ್ಗೆ ಅಧ್ಯಯನ ಮಾಡಿದವರೂ ಇದಕ್ಕೆ ಹತ್ತಿರದ ಮಾತನ್ನೇ ಹೇಳುತ್ತಾರೆ: ಹತ್ತರಿಂದ ಮೂವತ್ತರವರೆಗಿನ ವಯಸ್ಸಿನ ನೆನಪುಗಳೇ ಮುಪ್ಪಿನಲ್ಲಿ ದಟ್ಟವಾಗಿ ಉಳಿಯುತ್ತವೆ. ಅಮೆರಿಕದ ಲೆಕ್ಕ ನಮಗೆ ಅಂಗುಲ ಅಂಗುಲವೂ ಹೊಂದಬೇಕಿಲ್ಲ. ಆದರೆ ದಾರಿ ತೋರಿಸಲು ಸಾಕು.

ಈಗ ಮುಂದಿನ ಸಾಲಿಗೆ ಇದನ್ನು ಅನ್ವಯಿಸಿ. 75ರ ಹಿರಿಯರು 1950ರ ಆಸುಪಾಸಿನಲ್ಲಿ ಹುಟ್ಟಿದವರು. ಅವರಿಗೆ ಇಪ್ಪತ್ತೆರಡು ಇಪ್ಪತ್ತಮೂರು ತುಂಬಿದಾಗ ಬಂದದ್ದು ‘ಬಂಗಾರದ ಮನುಷ್ಯ’ (1972), ‘ನಾಗರಹಾವು’ (1972), ‘ಗಂಧದ ಗುಡಿ’ (1973), ‘ಎರಡು ಕನಸು’ (1974). ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್, ರಾಜನ್-ನಾಗೇಂದ್ರ ಅವರ ಕಾಲ ಅದು. 85 ದಾಟಿದವರಾದರೆ ‘ಬೇಡರ ಕಣ್ಣಪ್ಪ’ (1954) ಬಂದಾಗ ಅವರು ಶಾಲೆಯ ಹುಡುಗರು. ಅವರ ಕಿವಿಯಲ್ಲಿ ಪಿ. ಕಾಳಿಂಗರಾಯರ ಭಾವಗೀತೆ ಇರುತ್ತದೆ, ನಾಟಕ ಕಂಪೆನಿಯ ರಂಗಗೀತೆ ಇರುತ್ತದೆ. ಇನ್ನು 60ರವರು? ನಮ್ಮ 2007ರ ಕಾಯ್ದೆಯ ಪ್ರಕಾರ 60 ತುಂಬಿದರೆ ಹಿರಿಯ ನಾಗರಿಕರೇ. ಹಾಗೆಂದಮೇಲೆ ಅವರಿಗೆ ಇಪ್ಪತ್ತೆರಡಾಗಿದ್ದಾಗ ತೆರೆಗೆ ಬಂದದ್ದು ರವಿಚಂದ್ರನ್, ಹಂಸಲೇಖ ಅವರ ‘ಪ್ರೇಮಲೋಕ’ (1987)! ಇದನ್ನು ಓದಿ ಮನೆಯಲ್ಲಿ ಅಪ್ಪ ಅಮ್ಮಂದಿರು ಬೆಚ್ಚಿದರೆ ಆಶ್ಚರ್ಯವಿಲ್ಲ. ಅಂದರೆ ‘ಹಿರಿಯರು’ ಎಂಬ ಒಂದೇ ಶಬ್ದದ ಒಳಗೆ ಇಪ್ಪತ್ತೈದು ವರ್ಷಗಳ ಅಂತರದ ಎರಡು ತಲೆಮಾರು ಒತ್ತಿಕೊಂಡು ಕುಳಿತಿವೆ. ಅವರಿಬ್ಬರಿಗೂ ಒಂದೇ ಭಜನೆ ಬಡಿಸುವುದು ಸರಿಯೇ?

‘ಬಂಗಾರದ ಮನುಷ್ಯ’ದ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ ಚಿತ್ರ ಅದು. ಹಳ್ಳಿಗೆ ಬಂದು ನೆಲ ಉಳುವವನ ಕಥೆ. ಅದನ್ನು ನೋಡಿದವರಲ್ಲಿ ನೆಲ ಬಿಟ್ಟು ಬಂದು ಲೇತಿನ ಮುಂದೆ ನಿಂತವರು ಎಷ್ಟೋ ಮಂದಿ. ಪೇಟೆಯಲ್ಲಿ ಸಂಬಳ, ಊರಿನಲ್ಲಿ ಅರ್ಧ ಎಕರೆ, ಅಣ್ಣತಮ್ಮಂದಿರ ಪಾಲು — ಇವೆಲ್ಲ ಆ ಹಾಡುಗಳೊಂದಿಗೆ ಮೇಲೆ ಬರುತ್ತವೆ. ಒಂಬತ್ತನೇ ತರಗತಿಯ ಹುಡುಗನಿಗೆ ಅದು ‘ಹಳೇ ಹಾಡು’. ಎದುರಿಗೆ ಕುಳಿತವರಿಗೆ ತಾವು ಮಾಡಿದ ಅಥವಾ ಮಾಡದೇ ಹೋದ ಒಂದು ತೀರ್ಮಾನ. ಹಾಡುವ ಮಕ್ಕಳಿಗೆ ಇಷ್ಟು ತಿಳಿಸಿ ಕಳಿಸಿದರೆ ಅವರ ಹಾಡುಗಾರಿಕೆಯೇ ಬದಲಾಗುತ್ತದೆ.

ಸಿನಿಮಾ ಹಾಡೆಂದರೆ ಮೂಗು ಮುರಿಯುವ ಸಂಗೀತದ ಮೇಷ್ಟ್ರುಗಳೂ ಇದ್ದಾರೆ. ಅವರಿಗೆ ‘ಸಂಧ್ಯಾರಾಗ’ (1966) ಚಿತ್ರವನ್ನು ನೆನಪಿಸಿ. ಭೀಮಸೇನ ಜೋಶಿ, ಬಾಲಮುರಳಿಕೃಷ್ಣ ಇಬ್ಬರೂ ಅದರಲ್ಲಿ ಹಾಡಿದ್ದಾರೆ. ಶಾಸ್ತ್ರೀಯ ಕಲಿಯುವ ಮಗುವಿಗೆ ಅದು ಒಳ್ಳೆಯ ಸೇತುವೆ. ಮೈಸೂರು ಅನಂತಸ್ವಾಮಿಯವರು ಸ್ವರ ಹಾಕಿದ ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ದ ಧ್ವನಿಸುರುಳಿ 1978ರಲ್ಲಿ ಬಂದಾಗ, ಇಂದು ಎಪ್ಪತ್ತರ ಆಸುಪಾಸಿನಲ್ಲಿರುವವರು ಆಗತಾನೇ ಮನೆ ಹೂಡುತ್ತಿದ್ದರು. ಮೊದಲ ಟೇಪ್ ರೆಕಾರ್ಡರ್ ಕೊಂಡ ಸಂಭ್ರಮದ ಜೊತೆಗೆ ಆ ಭಾವಗೀತೆಗಳು ಹೊಂದಿಕೊಂಡಿವೆ.

ಗಂಡಸರ ಲೆಕ್ಕವನ್ನೇ ಹೆಂಗಸರಿಗೂ ಹಾಕಬೇಡಿ. ಟಾಕೀಸಿಗೆ ವರ್ಷಕ್ಕೊಮ್ಮೆ ಹೋದವರು ಅನೇಕರು. ಅವರ ಸಂಗೀತ ಅಡುಗೆಮನೆಯ ಆಕಾಶವಾಣಿ, ಮದುವೆಮನೆಯ ಸೋಬಾನೆ, ಬೀಸುವ ಕಲ್ಲಿನ ಪದ. ದೇವರನಾಮವೂ ನಿಜವಾಗಿ ಅವರದೇ. ಆದರೆ ಯಾವ ದೇವರನಾಮ ಎಂದು ಕೇಳಬೇಕು. ಲಿಂಗಾಯತರ ಮನೆಯಲ್ಲಿ ವಚನವೇ ಬಾಯಲ್ಲಿರುತ್ತದೆ, ಹಳ್ಳಿಯವರಲ್ಲಿ ತತ್ತ್ವಪದ, ಮುಸ್ಲಿಮರ ಕ್ರೈಸ್ತರ ಮನೆಗಳಲ್ಲಿ ಬೇರೆಯೇ. ಹಾಗೆಯೇ ಪೀಣ್ಯದಂಥ ಕಡೆ ನಾಲ್ಕು ಜನ ತಮಿಳರು, ಇಬ್ಬರು ಮಲಯಾಳಿಗಳು ಇಲ್ಲದ ಸಭೆಯೇ ಇಲ್ಲ. ನಲವತ್ತು ವರ್ಷ ಕನ್ನಡದಲ್ಲೇ ವ್ಯವಹರಿಸಿದವರೂ ಇಪ್ಪತ್ತರ ಹರೆಯವನ್ನು ಕಳೆದದ್ದು ಇನ್ನೊಂದು ಭಾಷೆಯಲ್ಲಿ. ಅವರ ಭಾಷೆಯ ಒಂದೇ ಒಂದು ಪಲ್ಲವಿ, ಉಚ್ಚಾರಣೆ ಸ್ವಲ್ಪ ತಪ್ಪಿದರೂ ಪರವಾಗಿಲ್ಲ, ಸೇರಿಸಿಕೊಳ್ಳಿ.

ಇದನ್ನೆಲ್ಲ ತಿಳಿಯುವುದು ಹೇಗೆ? ಒಂದು ವಾರ ಮೊದಲು ಹೋಗಿ ಕೇಳಿ. ‘ತಾತ, ನಿಮಗೆ ಯಾವ ಹಾಡು ಇಷ್ಟ?’ ಎಂದರೆ ‘ಏನಾದರೂ ಹಾಡಮ್ಮ’ ಎನ್ನುತ್ತಾರೆ. ನಮ್ಮ ಹಿರಿಯರ ಸಂಕೋಚ ಅದು. ‘ನೀವು ಬೆಂಗಳೂರಿಗೆ ಬಂದ ಹೊಸದರಲ್ಲಿ ಯಾವ ಸಿನಿಮಾ ನೋಡಿದಿರಿ? ಯಾರ ಜೊತೆ ಹೋಗಿದ್ದಿರಿ?’ ಎಂದು ಕೇಳಿ ನೋಡಿ. ಪಟ್ಟಿ ತಾನಾಗಿ ಸಿದ್ಧವಾಗುತ್ತದೆ, ಜೊತೆಗೆ ಅರ್ಧ ಗಂಟೆಯ ಕಥೆಯೂ ಸಿಗುತ್ತದೆ.

ಇನ್ನು ಕಿವಿಯ ವಿಚಾರ. ಪೀಣ್ಯದಲ್ಲಿ ಇದು ಸಣ್ಣ ವಿಚಾರವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 60 ದಾಟಿದವರಲ್ಲಿ ನೂರಕ್ಕೆ 25ಕ್ಕೂ ಹೆಚ್ಚು ಮಂದಿಗೆ ದಿನನಿತ್ಯದ ಬದುಕಿಗೆ ತೊಡಕಾಗುವಷ್ಟು ಕಿವುಡು ಇರುತ್ತದೆ. ಪ್ರೆಸ್ಸು, ಸುತ್ತಿಗೆ, ಗ್ರೈಂಡರುಗಳ ನಡುವೆ ಮೂವತ್ತು ವರ್ಷ ದುಡಿದವರಿಗೆ ಅದಕ್ಕಿಂತ ಬೇಗನೆಯೇ ಬರುತ್ತದೆ. ಗದ್ದಲದಿಂದ ಬರುವ ಕಿವುಡು ಮೊದಲು ಹಿಡಿಯುವುದು 4000 ಹರ್ಟ್ಸ್ ಸುತ್ತಿನ ತಾರ ಧ್ವನಿಗಳನ್ನು. ಪಿಯಾನೋದ ಕಟ್ಟಕಡೆಯ ಮನೆ 4186 ಹರ್ಟ್ಸ್. ನಾವು ಹಾಡುವ ಸ್ವರಗಳೆಲ್ಲ ಅದಕ್ಕಿಂತ ಬಹಳ ಕೆಳಗೆ. ಆದ್ದರಿಂದ ಈ ಹಿರಿಯರಿಗೆ ರಾಗ ಕೇಳುತ್ತದೆ. ಕೇಳದೇ ಹೋಗುವುದು ಸ, ಶ, ತ, ಕ ಮುಂತಾದ ವ್ಯಂಜನಗಳ ಚೂಪು, ಅಂದರೆ ಮಾತು. ಹೊಸ ಹಾಡಾದರೆ ಅವರ ಪಾಲಿಗೆ ಅದು ಬರಿಯ ಗುಂಯ್‌ಗುಟ್ಟುವಿಕೆ. ಬಲ್ಲ ಹಾಡಾದರೆ ಕಿವಿ ಬಿಟ್ಟ ಅಕ್ಷರವನ್ನು ನೆನಪು ತುಂಬಿಕೊಡುತ್ತದೆ. ಪರಿಚಿತ ಹಾಡನ್ನೇ ಆರಿಸಿ ಎನ್ನಲು ಇದಕ್ಕಿಂತ ಗಟ್ಟಿ ಕಾರಣ ನನಗೆ ಕಾಣುವುದಿಲ್ಲ.

‘ಕೇಳಿಸುವುದಿಲ್ಲವಾದರೆ ಧ್ವನಿವರ್ಧಕ ಜೋರು ಮಾಡೋಣ’ ಎನ್ನುವವರಿದ್ದಾರೆ. ದಯವಿಟ್ಟು ಬೇಡ. ಇಂಥ ಕಿವಿಗೆ ಮೆಲ್ಲನೆಯದು ಕೇಳಿಸದು, ಜೋರಾದದ್ದು ಸಹಿಸಲಾಗದು. ನಡುವಿನ ಜಾಗ ಬಹಳ ಕಿರಿದು. ಮೊಬೈಲಿನಿಂದ ಕರೋಕೆ ಟ್ರ್ಯಾಕ್ ಹಾಕಿ, ಡ್ರಮ್ಮು ಕೀಬೋರ್ಡುಗಳ ಅಬ್ಬರದಲ್ಲಿ ಹಾಡಿಸುವುದಂತೂ ಮಾತನ್ನು ಪೂರ್ತಿ ಮುಳುಗಿಸುತ್ತದೆ. ಒಂದು ಹಾರ್ಮೋನಿಯಂ, ಒಂದು ತಬಲಾ ಸಾಕು. ಹತ್ತಿರ ನಿಂತು, ಮುಖ ಕಾಣುವಂತೆ, ಬೆಳಕಿನಲ್ಲಿ ಹಾಡಲಿ. ಎಷ್ಟೋ ಜನ ತುಟಿ ನೋಡಿಯೇ ಮಾತು ಹಿಡಿಯುತ್ತಾರೆ. ಮೈಕನ್ನು ಬಾಯಿಗೆ ಅಂಟಿಸಿಕೊಂಡರೆ ಅದೂ ತಪ್ಪುತ್ತದೆ.

ಶ್ರುತಿಯ ಬಗ್ಗೆಯೂ ಯೋಚಿಸಿ. ಪಾಠದಲ್ಲಿ ಹುಡುಗಿಯರು ಐದು, ಐದೂವರೆ ಮನೆಯಲ್ಲಿ ಹಾಡುತ್ತಾರೆ. ವಯಸ್ಸಾದಂತೆ ಹೆಂಗಸರ ದನಿ ತಗ್ಗುತ್ತದೆ, ಗಂಡಸರದು ತುಸು ಏರುತ್ತದೆ, ಎಲ್ಲರ ಉಸಿರೂ ಗಿಡ್ಡವಾಗುತ್ತದೆ. ಜೊತೆಯಲ್ಲಿ ಹಾಡಲಿ ಎಂಬ ಆಸೆಯಿದ್ದರೆ ಎರಡು ಮನೆ ಕೆಳಗಿಳಿಸಿ. ನಿಮ್ಮ ಮಗಳ ತಾರಸ್ಥಾಯಿ ಮೆರೆಯಲಿಕ್ಕಿಲ್ಲ, ಅದಕ್ಕೆ ಸ್ಪರ್ಧೆಗಳಿವೆ.

ಬಿಡಬೇಕಾದ ಹಾಡುಗಳೂ ಇವೆ. ನಮ್ಮ ದಾಸರ ಪದಗಳಲ್ಲಿ, ತತ್ತ್ವಪದಗಳಲ್ಲಿ ದೇಹದ ನಶ್ವರತೆ, ಯಮದೂತರು, ಬಿಟ್ಟುಹೋಗುವ ಬಂಧುಬಳಗ ಇವನ್ನು ಹೇಳುವವು ಬಹಳ. ಮಕ್ಕಳು ಅರ್ಥ ತಿಳಿಯದೆ ಕಲಿತು, ಎಂಬತ್ತು ವರ್ಷದವರ ಮುಂದೆ ನಗುನಗುತ್ತ ಯಮನನ್ನು ಕರೆಯುವುದನ್ನು ನೋಡಿದ್ದೇನೆ. ಕೇಳಿದವರೊಬ್ಬರು ‘ಬರ್ತಾನೆ ಬಿಡು ಮಗಾ, ನೀನ್ಯಾಕೆ ಅವಸರ ಮಾಡ್ತೀಯ?’ ಎಂದು ನಗಿಸಿದರು. ಎಲ್ಲರೂ ಹೀಗೆ ನಗಲಾರರು. ವೃದ್ಧಾಶ್ರಮದಲ್ಲಿ ತಾಯಿಯ ಮಮತೆ, ಮಗನ ಋಣ ಕುರಿತ ಹಾಡುಗಳ ವಿಷಯದಲ್ಲಿ ಇನ್ನೂ ಎಚ್ಚರಿಕೆ ಬೇಕು. ಬಿಟ್ಟುಹೋದ ಮಗನ ತಾಯಿ ಆ ಸಾಲಿನಲ್ಲಿ ಇದ್ದೇ ಇರುತ್ತಾರೆ. ಹಾಡು ಮುಗಿಸಿ ನೀವು ಬಸ್ಸು ಹತ್ತುತ್ತೀರಿ. ಅವರು ಅಲ್ಲೇ ಇರಬೇಕು. ಕಣ್ಣೀರು ಬಂದರೆ ಕಾರ್ಯಕ್ರಮ ಯಶಸ್ವಿ ಎಂಬ ಎಣಿಕೆ ಟಿ.ವಿ.ಯವರಿಗೆ ಇರಲಿ. ಹಾಗೆಂದು ವಿರಹದ, ಒಲವಿನ ಹಾಡುಗಳಿಗೆ ಹೆದರಬೇಕಿಲ್ಲ, ಹಿರಿಯರೂ ಪ್ರೀತಿಸಿದವರೇ.

ಮರೆವಿನ ಕಾಯಿಲೆಯವರು ಸಭೆಯಲ್ಲಿದ್ದರೆ ಮಕ್ಕಳು ಗಾಬರಿಯಾಗುತ್ತಾರೆ. ಅವರಿಗೆ ಮೊದಲೇ ಹೇಳಿ. 2015ರಲ್ಲಿ ಜರ್ಮನಿಯ ಸಂಶೋಧಕರು, ಬಹುಕಾಲದಿಂದ ಬಲ್ಲ ಸಂಗೀತವನ್ನು ಗುರುತಿಸುವ ಮಿದುಳಿನ ಭಾಗಗಳು ಆಲ್‌ಝೈಮರ್ ಕಾಯಿಲೆಯಲ್ಲಿ ತುಲನಾತ್ಮಕವಾಗಿ ಕಡಿಮೆ ಹಾಳಾಗಿರುತ್ತವೆಂದು ತೋರಿಸಿದರು. ಮಗನ ಹೆಸರು ಮರೆತವರು ಚರಣದ ಎರಡನೆಯ ಸಾಲನ್ನು ಹಿಡಿಯುವುದು ಇದರಿಂದಲೇ ಇರಬೇಕು. ಅದು ಔಷಧವಲ್ಲ. ಹಾಡು ಇರುವಷ್ಟು ಹೊತ್ತು ಅವರು ನಮ್ಮ ಜೊತೆಗಿರುತ್ತಾರೆ, ಅಷ್ಟೆ.

ಹಳೆಯ ಹಾಡು ಕಲಿಯಲು ನಮ್ಮ ಮಕ್ಕಳು ಒಪ್ಪುವರೇ ಎಂದು ತಂದೆತಾಯಂದಿರು ಅನುಮಾನಪಡುತ್ತಾರೆ. ಕಾರ್ನೆಲ್ ವಿಶ್ವವಿದ್ಯಾಲಯದ ಕ್ಯಾರಲ್ ಕ್ರಮ್‌ಹ್ಯಾನ್ಸಲ್ ಮತ್ತು ಸಂಗಡಿಗರು 2013ರಲ್ಲಿ ಇಪ್ಪತ್ತರ ಹರೆಯದವರನ್ನು ಪರೀಕ್ಷಿಸಿದಾಗ, ತಮ್ಮ ಅಪ್ಪ ಅಮ್ಮಂದಿರ ಯೌವನಕಾಲದ ಹಾಡುಗಳೂ ಅವರ ಮನಸ್ಸಿನಲ್ಲಿ ಚೆನ್ನಾಗಿ ಊರಿರುವುದು ಕಂಡಿತು. ಮನೆಯಲ್ಲಿ ಕೇಳಿಸಿಕೊಂಡದ್ದು ವ್ಯರ್ಥವಾಗುವುದಿಲ್ಲ. ಹಾಗಾದರೆ ನೀವು ಅಡುಗೆಮನೆಯಲ್ಲಿ ಏನು ಗುನುಗುತ್ತೀರಿ ಎಂಬುದೇ ಮುಖ್ಯ.

ಒಟ್ಟು ನಲವತ್ತು ನಿಮಿಷ, ಏಳೆಂಟು ಹಾಡು ಸಾಕು. ಪ್ರತಿ ಹಾಡಿಗೂ ಮೊದಲು ಚಿತ್ರದ ಹೆಸರು, ವರ್ಷ, ಸಂಗೀತ ನಿರ್ದೇಶಕರು ಯಾರೆಂದು ನಿಧಾನವಾಗಿ ಹೇಳಿಸಿ, ಅರ್ಧ ನಿಮಿಷ ಸುಮ್ಮನಿರಿ. ಆ ಅರ್ಧ ನಿಮಿಷದಲ್ಲಿ ಅವರವರೇ ಮಾತಾಡಿಕೊಳ್ಳುತ್ತಾರೆ. ಐದನೆಯ ಹಾಡಿನ ಜಾಗವನ್ನು ಖಾಲಿ ಬಿಟ್ಟು, ‘ಈಗ ನೀವು ಒಂದು ಹಾಡಿ’ ಎನ್ನಿ. ತುಮಕೂರು ರಸ್ತೆಯ ಈ ಕಡೆ ಇದು ವಿಫಲವಾಗುವುದು ಅಪರೂಪ. ಗುಬ್ಬಿ ವೀರಣ್ಣನವರ ಊರು ಇದೇ ದಿಕ್ಕಿನಲ್ಲಿದೆ. ಸುತ್ತಿನ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ‘ಕುರುಕ್ಷೇತ್ರ’ ಆಡಿದವರು ಪೀಣ್ಯದ ಶೆಡ್ಡುಗಳಲ್ಲಿ ಬೇಕಾದಷ್ಟು ಮಂದಿ ದುಡಿದಿದ್ದಾರೆ. ಹಿಂದಿನ ಸಾಲಿನಿಂದ ಒಬ್ಬರು ಎದ್ದು, ಕೈಕೋಲನ್ನು ಗದೆಯಂತೆ ಹಿಡಿದು, ದುರ್ಯೋಧನನ ಒಂದು ಕಂದಪದ್ಯಕ್ಕೆ ಗಂಟಲು ಸರಿಮಾಡಿಕೊಳ್ಳುತ್ತಾರೆ. ಶ್ರುತಿ ಎಲ್ಲಿಂದ ಹಿಡಿಯುತ್ತಾರೋ ಹೇಳಲಾಗದು. ಹಾರ್ಮೋನಿಯಂ ಮುಂದೆ ಕುಳಿತ ಹುಡುಗ ಅವರ ಮೊದಲ ಸ್ವರ ಕೇಳಿದ ಮೇಲೆ ಮನೆ ಹುಡುಕಿಕೊಳ್ಳಲಿ. ತಾಳ ತಪ್ಪಿದರೆ ತಬಲಾದವನು ಸುಮ್ಮನೆ ಕಾಯಲಿ. ಪದ ಚೆನ್ನಾಗಿದ್ದರೆ ಬರೆದುಕೊಳ್ಳಲು ಒಂದು ನೋಟ್‌ಬುಕ್ ಒಯ್ಯಿರಿ.