ಉಳಿಸಿದ ಸಮಯ ಯಾರ ಖಾತೆಗೆ?

ಮಕ್ಕಳ ಕತೆಗಳನ್ನು ದೊಡ್ಡವರು ಓದುವುದು ಸಾಮಾನ್ಯವಾಗಿ ಮಕ್ಕಳನ್ನು ಮಲಗಿಸುವ ಸಲುವಾಗಿ. ಜರ್ಮನ್ ಲೇಖಕ ಮಿಖಾಯೆಲ್ ಎಂಡೆ 1973ರಲ್ಲಿ ಪ್ರಕಟಿಸಿದ ‘ಮೊಮೊ’ ಮಾತ್ರ ಓದಿದ ಹಿರಿಯರ ನಿದ್ದೆಯನ್ನೇ ಕೆಡಿಸಬಲ್ಲ ಕೃತಿ. ಈ ಆಧುನಿಕ ಕಿನ್ನರಕತೆಯಲ್ಲಿ ಕೇಡಿಗರು ರಾಕ್ಷಸರಲ್ಲ. ಬೂದುಬಣ್ಣದ ಉಡುಪು ತೊಟ್ಟು ಸಿಗಾರ್ ಸೇದುತ್ತ ಮನೆಬಾಗಿಲಿಗೆ ಬರುವ ‘ಸಮಯ ಉಳಿತಾಯ ಬ್ಯಾಂಕ್’ನ ಪ್ರತಿನಿಧಿಗಳು.

ಫೂಸಿ ಎಂಬ ಕ್ಷೌರಿಕನಿಗೆ ಅವರಲ್ಲೊಬ್ಬ ಲೆಕ್ಕ ಹೇಳಿಕೊಡುತ್ತಾನೆ. ಎಪ್ಪತ್ತು ವರ್ಷಗಳ ಆಯುಷ್ಯವೆಂದರೆ 2,20,75,20,000 ಸೆಕೆಂಡುಗಳು. ಮುದಿತಾಯಿಯೊಡನೆ ದಿನವೂ ಆಡುವ ಮಾತು, ಸಾಕಿದ ಗಿಣಿಯ ಆರೈಕೆ, ನಡೆಯಲಾಗದ ಗೆಳತಿಗೆ ಒಯ್ದುಕೊಡುವ ಹೂವು ಎಲ್ಲವೂ ಆ ಲೆಕ್ಕದಲ್ಲಿ ನಷ್ಟ. ಅರ್ಥಶಾಸ್ತ್ರ ಓದಿದ ನನಗೆ ಈ ಧಾಟಿ ಅಪರಿಚಿತವಲ್ಲ. ಮನೆಯೊಳಗೆ ಕಳೆಯುವ ಹೊತ್ತಿಗೂ ಬೆಲೆಯುಂಟೆಂದು ಗ್ಯಾರಿ ಬೆಕರ್ 1965ರಲ್ಲೇ ವಿವರಿಸಿದ್ದರು. ಆದರೆ ಬೆಲೆಯುಂಟು ಎನ್ನುವುದು ಬೇರೆ, ವ್ಯರ್ಥವೆನ್ನುವುದು ಬೇರೆ. ಬೂದು ಮನುಷ್ಯನ ಗುಣಾಕಾರದಲ್ಲಿ ದೋಷವಿಲ್ಲ, ಲೆಕ್ಕಶೀರ್ಷಿಕೆ ತಪ್ಪಾಗಿದೆ. ಬದುಕನ್ನೇ ಆತ ಖರ್ಚಿನ ಬಾಬತ್ತಿಗೆ ಸೇರಿಸಿದ್ದಾನೆ.

ಈ ಉಳಿತಾಯದ ಬೆಲೆ ತೆರುವವರು ಮಕ್ಕಳು. ಪಾಳುಬಿದ್ದ ರಂಗಮಂದಿರದಲ್ಲಿ ವಾಸಿಸುವ ಅನಾಥೆ ಮೊಮೊಳಿಗೆ ಇರುವ ಒಂದೇ ಪ್ರತಿಭೆಯೆಂದರೆ ಮನಸಾರೆ ಕೇಳಿಸಿಕೊಳ್ಳುವುದು. ಅವಳ ಸುತ್ತ ಕಲ್ಲುಮೆಟ್ಟಿಲೇ ಹಡಗಾಗುತ್ತದೆ, ಬಯಲೇ ಕಡಲಾಗುತ್ತದೆ. ಬರಬರುತ್ತ ಮಕ್ಕಳು ದುಬಾರಿ ಆಟಿಕೆಗಳೊಂದಿಗೆ ಬರತೊಡಗುತ್ತಾರೆ. ಅವು ತಂದೆತಾಯಿ ಕೊಡಲಾಗದ ಸಮಯಕ್ಕೆ ಬದಲಾಗಿ ಕೊಟ್ಟವು. ಕಲ್ಪನೆಗೆ ಎಡೆಯನ್ನೇ ಉಳಿಸದಂಥವು. ಕೊನೆಗೆ ಅವರನ್ನು ‘ಶಿಶುಗೃಹ’ಗಳಿಗೆ ಸೇರಿಸಲಾಗುತ್ತದೆ. ಅಲ್ಲಿ ಆಟಕ್ಕೂ ಉಪಯುಕ್ತತೆಯ ಷರತ್ತು.

ಇದನ್ನು ಹಳೆಯ ಕಾಲದ ಹಂಬಲವೆಂದು ತಳ್ಳಿಹಾಕುವವರಿಗೂ ಒಂದು ನ್ಯಾಯವಾದ ವಾದವಿದೆ. ಸಮಯದ ಉಳಿತಾಯವೇ ಪಾಪವಲ್ಲ. ನಮ್ಮ ಹಳ್ಳಿಗಳಲ್ಲಿ ಮನೆಬಾಗಿಲಿಗೆ ನಲ್ಲಿ ಬಂದಾಗ ದೂರದಿಂದ ನೀರು ಹೊರುವ ಕೆಲಸದಿಂದ ಬಿಡುಗಡೆ ಪಡೆದವರು ಹೆಣ್ಣುಮಕ್ಕಳು. ಸೌದೆಯ ಬದಲು ಗ್ಯಾಸ್ ಒಲೆ ಉರಿದಾಗ ಉಸಿರಾಡಿದವರು ತಾಯಂದಿರು. ಅಂಥ ಉಳಿತಾಯ ಬಾಲ್ಯವನ್ನು ಕದಿಯುವುದಿಲ್ಲ, ಹಿಂದಿರುಗಿಸುತ್ತದೆ. ಹಾಗಾಗಿ ಎಂಡೆಯ ಕತೆ ಎತ್ತುವ ಪ್ರಶ್ನೆ ಉಳಿಸಬೇಕೇ ಬೇಡವೇ ಎಂಬುದಲ್ಲ. ಉಳಿದದ್ದು ಯಾರ ಖಾತೆಗೆ ಜಮೆಯಾಯಿತು ಎಂಬುದು. ಕತೆಯಲ್ಲಿ ಠೇವಣಿದಾರನಿಗೆ ಒಂದು ಕ್ಷಣವೂ ಮರಳಿ ದಕ್ಕುವುದಿಲ್ಲ. ಅದು ಬೂದು ಮನುಷ್ಯರ ಸಿಗಾರ್‌ನ ಹೊಗೆಯಾಗುತ್ತದೆ.

ಇದೇ ಪ್ರಶ್ನೆಯನ್ನು ನಮ್ಮ ನಗರಗಳ ಮಧ್ಯಮ ವರ್ಗವೂ ಎದುರಿಸಬೇಕಾಗಿದೆ. ತೊಳೆಯುವ ಯಂತ್ರ, ಮನೆಬಾಗಿಲಿಗೆ ಬರುವ ದಿನಸಿ, ಬೆರಳ ತುದಿಯ ಬ್ಯಾಂಕು ಉಳಿಸಿಕೊಟ್ಟ ಗಂಟೆಗಳು ಮಕ್ಕಳ ಪಾಲಿಗೆ ಬಂದಿವೆಯೇ? ಶಾಲೆ ಮುಗಿದೊಡನೆ ಟ್ಯೂಷನ್, ರಜೆ ಬಂದೊಡನೆ ಶಿಬಿರ. ವಿಶ್ರಾಂತಿ ಮತ್ತು ಆಟ ಮಗುವಿನ ಹಕ್ಕೆಂದು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಹೇಳುತ್ತದೆ; 1992ರಲ್ಲಿ ಭಾರತವೂ ಅದನ್ನು ಒಪ್ಪಿದೆ. ಮರುವರ್ಷವೇ ಯಶಪಾಲ್ ಸಮಿತಿ ಕಲಿಕೆಯ ಹೊರೆ ಇಳಿಸಬೇಕೆಂದು ವರದಿ ನೀಡಿತು. ಆದರೂ ಆಟದ ಹೊತ್ತಿಗೆ ಸಮರ್ಥನೆ ಕೊಡಬೇಕಾದ ಸ್ಥಿತಿ ತಪ್ಪಿಲ್ಲ.

ಬಾಲ್ಯವನ್ನು ಮುಂದಿನ ಸಂಬಳಕ್ಕೆ ಹೂಡುವ ಬಂಡವಾಳವೆಂದಷ್ಟೇ ಕಾಣುವವರು ಈ ಕತೆಯನ್ನು ಒಮ್ಮೆ ಓದಬೇಕು. ಮೊಮೊ ಕಾಪಾಡಿದ ಸಮಯ ಜನರಿಗೆ ಮರಳಿ ದೊರೆತಾಗ ಮಕ್ಕಳು ಮತ್ತೆ ಬೀದಿಗಿಳಿದು ಆಡುತ್ತಾರೆ, ವಾಹನದವರು ನಗುತ್ತ ಕಾಯುತ್ತಾರೆ. ನಮ್ಮ ಬೀದಿಗಳಲ್ಲಿ ಅದು ಸದ್ಯಕ್ಕೆ ಆಗದ ಮಾತು. ಮಗುವಿನ ದಿನಚರಿಯಲ್ಲಿ ಒಂದು ಗಂಟೆಯನ್ನು ಖಾಲಿ ಬಿಡುವುದು, ಆ ಹೊತ್ತಿನಲ್ಲಿ ಅದು ಹೇಳುವುದನ್ನು ಗಡಿಯಾರ ನೋಡದೆ ಕೇಳುವುದು ಮಾತ್ರ ಯಾವ ಮನೆಗೂ ಅಸಾಧ್ಯವಲ್ಲ.