ತೋಟದ ದಾರಿಗೆ ಎರಡನೇ ಬೈಕ್: ಎಕ್ಸ್‌ಪಲ್ಸ್ ತಗೋಬಹುದಾ?

ಮಳೆಗಾಲ ಶುರುವಾದ್ರೆ ಕೊಳೆರೋಗ, ಬೋರ್ಡೋ ದ್ರಾವಣದ ಪ್ರಶ್ನೆಗಳ ನಡುವೆ ಹುಡುಗರ ಇನ್ನೊಂದು ಪ್ರಶ್ನೆಯೂ ಬಂದೇ ಬರುತ್ತೆ: "ಅಣ್ಣಾ, ಎಕ್ಸ್‌ಪಲ್ಸ್ ತಗೊಂಡ್ರೆ ಹೆಂಗೆ? ತೋಟಕ್ಕೂ ಆಯ್ತು, ಊರಿಗೂ ಆಯ್ತು."

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ತಗೋಬಹುದು. ಆದರೆ ಮನೆಯಲ್ಲಿರೋ ಸ್ಪ್ಲೆಂಡರ್ ಅಥವಾ ಎಕ್ಸೆಲ್ ಮಾರಿ ತಗೋಬೇಡಿ.

ಮೊದಲು ಒಳ್ಳೆಯದನ್ನೇ ನೋಡೋಣ. ಸ್ಪ್ಲೆಂಡರ್‌ನ ಹೊಟ್ಟೆ ನೆಲದಿಂದ 165 ಮಿ.ಮೀ. ಎತ್ತರದಲ್ಲಿದ್ರೆ ಎಕ್ಸ್‌ಪಲ್ಸ್ 200ರದ್ದು 220. ಮುಂದಿನ ಚಕ್ರ 21 ಇಂಚು, ಹಿಂದಿನದು 18. ಚಕ್ರ ದೊಡ್ಡದಿದ್ದಷ್ಟೂ ಕಲ್ಲು, ಬೇರು, ಕೊರಕಲಿನ ಮೇಲೆ ಹತ್ತಿ ಇಳಿಯೋದು ಸುಲಭ. ಮುಂದಿನ ಶಾಕ್ ಅಬ್ಸಾರ್ಬರ್ 190 ಮಿ.ಮೀ. ಕುಗ್ಗಿ ಏಳುತ್ತೆ. ಜುಲೈನಲ್ಲಿ ಜಂಬಿಟ್ಟಿಗೆ ಮಣ್ಣಿನ ಏರು ಹತ್ತುವವರಿಗೆ, ಟ್ರ್ಯಾಕ್ಟರ್ ಗಾಲಿ ಮಾಡಿಟ್ಟ ಹಳ್ಳದಲ್ಲಿ ದಿನಾ ಓಡಾಡುವವರಿಗೆ ಈ ವ್ಯತ್ಯಾಸ ಸೊಂಟಕ್ಕೇ ಗೊತ್ತಾಗುತ್ತೆ. ರಾತ್ರಿ ಮೂರು ಗಂಟೆಗೆ ಕರೆಂಟ್ ಬಂತು ಅಂತ ಮೋಟಾರ್ ಹಾಕೋಕೆ ಹೊರಡುವವನು ದಾರಿಯಲ್ಲಿ ಬೀಳಬಾರದು. ಇದನ್ನ ಶೋಕಿ ಅಂತ ನಾನು ಕರೆಯಲ್ಲ.

ಆದರೆ ಹೊರೆ ಅಂತ ಬಂದಾಗ ಎಕ್ಸೆಲ್ ಮುಂದೆ ಇದು ಏನೇನೂ ಅಲ್ಲ. ಎಕ್ಸೆಲ್‌ನಲ್ಲಿ ಕಾಲಿಡೋ ಜಾಗದಲ್ಲಿ ಹಿಂಡಿ ಚೀಲ, ಹಿಂದಿನ ಸೀಟು ಬಿಚ್ಚಿದ್ರೆ ಹಾಲಿನ ಕ್ಯಾನು. ತೂಕವೆಲ್ಲ ಕೆಳಗೇ ಕೂರುತ್ತೆ. ಎಕ್ಸ್‌ಪಲ್ಸ್‌ನ ಸೀಟೇ ನೆಲದಿಂದ 82 ಸೆಂ.ಮೀ. ಮೇಲೆ. ಅದರ ಹಿಂದೆ 20 ಲೀಟರ್ ಜೀವಾಮೃತದ ಕ್ಯಾನ್ ಕಟ್ಟಿ ಇಳಿಜಾರಲ್ಲಿ ಬ್ರೇಕ್ ಒತ್ತಿ ನೋಡಿ, ಗಾಡಿ ಹೇಗೆ ತೊನೆಯುತ್ತೆ ಅಂತ. ಸೈಲೆನ್ಸರ್ ಮೇಲಕ್ಕೆತ್ತಿ ಕೂರಿಸಿರೋದ್ರಿಂದ ಹಳ್ಳದ ನೀರು ನುಗ್ಗೋದು ಕಮ್ಮಿ, ನಿಜ. ಆದರೆ ಆ ಬದಿಗೆ ಗೋಣಿಚೀಲ ನೇತುಹಾಕಿದ್ರೆ ಸುಟ್ಟಂತೆಯೇ. ಇನ್ನು ಅಮ್ಮ ಸೀರೆ ಉಟ್ಕೊಂಡು ಹಿಂದೆ ಹತ್ತಬೇಕು ಅಂದ್ರೆ ಒಂದು ಸ್ಟೂಲೇ ಬೇಕು. ತೂಕವೂ 150 ಕಿಲೋ ದಾಟುತ್ತೆ, ಸ್ಪ್ಲೆಂಡರ್ 112 ಕಿಲೋ ಅಷ್ಟೇ. ಅಡಿಕೆ ತೋಟದ ಕಾಲುದಾರಿಯಲ್ಲಿ ಒಮ್ಮೆ ಕೆಸರಿಗೆ ಮಲಗಿದ್ರೆ ಒಬ್ಬರೇ ಎತ್ತೋದು ಕಷ್ಟ.

ಪೆಟ್ರೋಲ್ ಲೆಕ್ಕವನ್ನೂ ಹಾಕಿ. ದಿನಕ್ಕೆ 20 ಕಿ.ಮೀ. ಅಂದ್ರೆ ತಿಂಗಳಿಗೆ 600. ಲೀಟರಿಗೆ 60 ಕೊಡೋ ಗಾಡಿಗೆ 10 ಲೀಟರ್, 37-38 ಕೊಡೋ ಗಾಡಿಗೆ 16. ತಿಂಗಳಿಗೆ ಆರುನೂರು ರೂಪಾಯಿ ಮೇಲೇ ಹೆಚ್ಚು. ಆದ್ದರಿಂದ ಡೇರಿಗೆ, ಸೊಸೈಟಿಗೆ, ಪೇಟೆಗೆ ಹಳೇ ಗಾಡಿ. ಕೆಟ್ಟ ದಾರಿಗೆ, ಕೆಟ್ಟ ಹವೆಗೆ ಇದು. ಎರಡನೇ ಬೈಕ್ ಅಂದ್ರೆ ಅಷ್ಟೇ ಅರ್ಥ.

ಈಗ ದುಡ್ಡಿನ ಮಾತು. 2019ರಲ್ಲಿ ಬಂದಾಗ ಈ ಗಾಡಿ ಲಕ್ಷದ ಆಸುಪಾಸಿನಲ್ಲಿತ್ತು. 2025ರ ಜನವರಿಯಲ್ಲಿ ಬಂದ ಎಕ್ಸ್‌ಪಲ್ಸ್ 210ರ ಶೋರೂಮ್ ಬೆಲೆ ಶುರುವಾಗಿದ್ದೇ 1.76 ಲಕ್ಷದಿಂದ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ 350 ಸಿಸಿವರೆಗಿನ ಬೈಕ್‌ಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದಿದ್ದು ಒಳ್ಳೇದೇ. ಆದರೂ ರೋಡ್ ಟ್ಯಾಕ್ಸು, ಐದು ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಸೇರಿದ್ರೆ ಕೈಗೆ ಬರೋ ಬೆಲೆ ಬೇರೆಯೇ. ಇನ್ನೂ ಡ್ರಿಪ್ ಹಾಕಿಸದವರು, ಗೊಬ್ಬರದ ಗುಂಡಿಗೆ ಮಾಡು ಮಾಡದವರು ಒಂದು ವರ್ಷ ಕಾಯಬಹುದು. ಬೆಳೆಸಾಲದ ದುಡ್ಡಲ್ಲಂತೂ ಬೇಡವೇ ಬೇಡ. ಕಂತಿನ ದಿನ ತಪ್ಪಿದ್ರೆ ಬಡ್ಡಿ ರಿಯಾಯಿತಿ ಹೋಗುತ್ತೆ, ಮುಂದಿನ ವರ್ಷದ ಸಾಲಕ್ಕೂ ಕಲ್ಲು ಬೀಳುತ್ತೆ.

ನನ್ನ ಕೇಳಿದ್ರೆ ಸೆಕೆಂಡ್ ಹ್ಯಾಂಡ್ ಹುಡುಕಿ. ಪೇಟೆಯ ಹುಡುಗರು ಲಡಾಖ್ ಕನಸಲ್ಲಿ ತಗೊಂಡು, ಆಫೀಸಿಗೆ ಮಾತ್ರ ಓಡಿಸಿ ಮಾರೋ ಗಾಡಿಗಳು ಇರ್ತವೆ. ನೋಡುವಾಗ ಮುಂದಿನ ಫೋರ್ಕ್ ಸೀಲಿಂದ ಆಯಿಲ್ ಜಿನುಗ್ತಿದೆಯಾ, ಸ್ಪೋಕ್ ಸಡಿಲವಾಗಿದೆಯಾ, ಹ್ಯಾಂಡಲ್ ತಿರುಗಿಸಿದ್ರೆ ಮಧ್ಯದಲ್ಲಿ ಕಚ್ಚುತ್ತಾ, ಇಂಜಿನ್ ಕೆಳಗಿನ ಗಾರ್ಡ್ ಎಷ್ಟು ನಜ್ಜಾಗಿದೆ, ಇಷ್ಟು ಸಾಕು. ಲೋನ್ ಇದ್ದ ಗಾಡಿಯಾದ್ರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35, ಮಾರುವವರ ಸಹಿ ಇರೋ ಫಾರಂ 29, 30 ಕೈಗೆ ಬರದೆ ಪೂರ್ತಿ ದುಡ್ಡು ಕೊಡಬೇಡಿ.

ಮನೆಯಲ್ಲಿ "ತೋಟಕ್ಕೋಸ್ಕರ" ಅಂತ ಪೂರ್ತಿ ಸುಳ್ಳು ಹೇಳೋದೂ ಬೇಡ. ಅರ್ಧ ತೋಟಕ್ಕೆ, ಅರ್ಧ ನಮ್ಮ ಖುಷಿಗೆ. ಬೆಂಗಳೂರಿನಲ್ಲಿ ಕೆಲಸ ಮಾಡೋ ತಮ್ಮ ಎರಡೂವರೆ ಲಕ್ಷದ ಬುಲೆಟ್ ತಂದ್ರೆ ಊರೇ ಹೊಗಳುತ್ತೆ. ಊರಲ್ಲೇ ಉಳಿದು ಬೆಳೆ ತೆಗೆಯೋ ಅಣ್ಣ ಸೆಕೆಂಡ್ ಹ್ಯಾಂಡ್ ಗಾಡಿ ತಂದ್ರೆ "ದುಂದು" ಅಂತಾರೆ. ಈ ಮಾತಿಗೆ ನಾನು ತಲೆ ಕೆಡಿಸ್ಕೊಳ್ಳಲ್ಲ. ಖುಷಿಯ ಆ ಅರ್ಧವನ್ನ ತೋಟದ ಖರ್ಚಿನ ಪುಸ್ತಕದಲ್ಲಿ ಬರೀಬೇಡಿ, ಅಷ್ಟೇ. ಬರೆದರೆ ಅಡಿಕೆಗೆ ಕ್ವಿಂಟಾಲಿಗೆ ಎಷ್ಟು ಬಿತ್ತು ಅನ್ನೋ ಲೆಕ್ಕವೇ ತಪ್ಪಾಗುತ್ತೆ.

ತಗೊಂಡ ಮೇಲೆ ಮೊದಲ ಕೆಲಸ 21 ಇಂಚಿನ ಒಂದು ಟ್ಯೂಬ್ ತಂದು ಮನೆಯಲ್ಲಿಡೋದು. ಇದು ಟ್ಯೂಬ್ ಟೈರ್, ಆ ಅಳತೆ ಎಲ್ಲಾ ಊರಿನ ಪಂಕ್ಚರ್ ಅಂಗಡಿಯಲ್ಲಿ ಸಿಗಲ್ಲ. ತೀರಾ ಅನಿವಾರ್ಯವಾದ್ರೆ ಅದನ್ನೇ ಹಿಂದಿನ 18 ಇಂಚಿನ ಚಕ್ರಕ್ಕೂ ತುರುಕಿ ಮನೆ ತಲುಪಬಹುದು.