ಆಜ್ಞೆಯ ಮರೆಯಲ್ಲಿ ದ್ರೋಹ

ದ್ರೋಹಿಯೆಂದರೆ ಕೋಟೆಯ ಬಾಗಿಲನ್ನು ಇರುಳಿನಲ್ಲಿ ಶತ್ರುವಿಗೆ ತೆರೆದುಕೊಟ್ಟವನು ಎಂಬ ಭಾವನೆ ನಮ್ಮ ಜನರಲ್ಲಿ ರೂಢಮೂಲವಾಗಿದೆ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದಂದಿನಿಂದ ಮೀರ್ ಸಾದಕನ ಹೆಸರು ಈ ನಾಡಿನಲ್ಲಿ ದ್ರೋಹಕ್ಕೆ ಪರ್ಯಾಯಪದವಾಗಿ ನಿಂತುಬಿಟ್ಟಿದೆ. ಆದರೆ ಬಾಗಿಲನ್ನು ತೆರೆಯದೆ, ಶತ್ರುವಿನ ಹಣವನ್ನು ಕೈಯಿಂದ ಮುಟ್ಟದೆ, ತನ್ನ ಅಧಿಕಾರಮುದ್ರೆಯುಳ್ಳ ಹುಕುಮುಗಳಿಂದಲೇ ತನ್ನ ಸೈನ್ಯವನ್ನು ಹಾಳುಮಾಡುವ ಇನ್ನೊಂದು ಜಾತಿಯ ದ್ರೋಹಿಯುಂಟು. ಇವನನ್ನು ಗುರುತಿಸುವುದು ಕಷ್ಟ. ಏಕೆಂದರೆ ಇವನನ್ನು ತಡೆಯಲು ಹೋದವನೇ ಮೊದಲು ದ್ರೋಹಿಯೆನಿಸಿಕೊಳ್ಳುತ್ತಾನೆ. ಇಂತಹವನೊಬ್ಬನ ಚಿತ್ರವು ಮಕ್ಕಳ ಮನೋರಂಜನೆಗೆಂದು ನಾವು ತಿಳಿದಿರುವ ಒಂದು ಕಥೆಯಲ್ಲಿ ದೊರೆಯುತ್ತದೆ. ಅದನ್ನು ವಾಚಕರ ಮುಂದಿಟ್ಟು ಪರ್ಯಾಲೋಚಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

ಸ್ಟಾರ್ ವಾರ್ಸ್ ಕಥಾಮಾಲೆಗೆ ಸೇರಿದ 'ದಿ ಕ್ಲೋನ್ ವಾರ್ಸ್' ಎಂಬ ಅಮೆರಿಕೆಯ ಅನಿಮೇಷನ್ ಧಾರಾವಾಹಿಯು ಜಾರ್ಜ್ ಲ್ಯೂಕಸ್ ಅವರ ಕಲ್ಪನೆಯಲ್ಲಿ ಹುಟ್ಟಿ, ಡೇವ್ ಫಿಲೋನಿಯವರ ಮೇಲ್ವಿಚಾರಣೆಯಲ್ಲಿ 2008ರಿಂದ ಪ್ರಸಾರವಾಯಿತು. ಅದರ ನಾಲ್ಕನೆಯ ವರ್ಗದಲ್ಲಿ, 2011ರ ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳಲ್ಲಿ, ಉಂಬಾರಾ ಎಂಬ ಕತ್ತಲೆಯ ಲೋಕದ ಯುದ್ಧವನ್ನು ಕುರಿತ 4 ಅಧ್ಯಾಯಗಳು ಬಂದುವು. ಇದೆಲ್ಲ ಬಣ್ಣದ ಬೊಂಬೆಗಳ ಆಟವೆಂದು ಹಿರಿಯರು ಮೂಗು ಮುರಿಯಬಹುದು. ಪಂಚತಂತ್ರದ ನರಿಕಾಗೆಗಳ ಬಾಯಿಂದ ರಾಜನೀತಿಯನ್ನು ಕಲಿತ ನಾವು ಹಾಗೆ ಕಡೆಗಣಿಸುವುದು ತರವಲ್ಲ.

ವೃತ್ತಾಂತವು ಹೀಗಿದೆ. ಗಣರಾಜ್ಯದ ಪರವಾಗಿ ಕಾದುವವರು ಕ್ಲೋನರು. ಎಂದರೆ ಒಬ್ಬನೇ ಮನುಷ್ಯನ ಪಡಿಯಚ್ಚಾಗಿ ಲಕ್ಷಗಟ್ಟಲೆ ನಿರ್ಮಿತರಾದ ಯೋಧರು. ಮುಖ ಒಂದೇ ಆದುದರಿಂದ ಒಬ್ಬೊಬ್ಬನೂ ತನಗೊಂದು ಹೆಸರನ್ನು ಇಟ್ಟುಕೊಂಡು ಅದನ್ನು ಪ್ರಾಣದಂತೆ ಕಾಪಾಡಿಕೊಳ್ಳುತ್ತಾನೆ. ಇವರಿಗೆ ಸೇನಾಧಿಪತಿಗಳಾದವರು ಜೆಡೈ ಎಂಬ ತಪಸ್ವಿ ವೀರರು. ಉಂಬಾರಾದ ಮುತ್ತಿಗೆಯ ನಡುವೆ 501ನೆಯ ದಳದ ನಾಯಕನಾದ ಅನಾಕಿನ್ ಸ್ಕೈವಾಕರನಿಗೆ ರಾಜಧಾನಿಯಿಂದ ಕರೆ ಬರುತ್ತದೆ. ಅವನ ಸ್ಥಾನಕ್ಕೆ ಪಾಂಗ್ ಕ್ರೆಲ್ ಬರುತ್ತಾನೆ. ನಾಲ್ಕು ತೋಳುಗಳ ಭೀಮಕಾಯನೀತನು. ಅನೇಕ ವಿಜಯಗಳ ಕೀರ್ತಿ ಇವನಿಗಿದೆ. ಇವನ ಕೈಕೆಳಗೆ ಸತ್ತವರ ಸಂಖ್ಯೆ ದೊಡ್ಡದೆಂಬ ಮಾತೂ ಶಿಬಿರದಲ್ಲಿ ಕೇಳಿಬರುತ್ತದೆ.

ಕ್ರೆಲ್ ಬಂದ ಮೊದಲ ದಿನದ ನಡತೆಯನ್ನು ಗಮನಿಸಬೇಕು. ಕ್ಯಾಪ್ಟನ್ ರೆಕ್ಸ್ ಎಂಬ ದಳದ ಮುಖಂಡನನ್ನು ಅವನು ಹೆಸರಿನಿಂದ ಕರೆಯುವುದಿಲ್ಲ; ಸಿ.ಟಿ.-7567 ಎಂದು ಸಂಖ್ಯೆಯಿಂದ ಕರೆಯುತ್ತಾನೆ. ಬಳಲಿದವರಿಗೆ ವಿಶ್ರಾಂತಿಯಿಲ್ಲ. ಸುತ್ತುದಾರಿಯನ್ನು ಬಿಟ್ಟು ಶತ್ರುವಿನ ಎದುರಿಗೇ ನುಗ್ಗಬೇಕೆಂದು ಅಪ್ಪಣೆ. ಯುಕ್ತಿಯನ್ನು ಸೂಚಿಸಿದವನಿಗೆ ಅವಿಧೇಯನೆಂಬ ಬಿರುದು. ಇಷ್ಟಾದರೂ ರೆಕ್ಸ್ ತನ್ನವರನ್ನು ಸಮಾಧಾನಪಡಿಸುತ್ತಾನೆ. ಅಧಿಪತಿಗೆ ತನ್ನದೇ ಆದ ಕಾರಣಗಳಿರಬಹುದೆಂದು ತನಗೆ ತಾನೇ ಹೇಳಿಕೊಳ್ಳುತ್ತಾನೆ. ಕಚೇರಿಗಳಲ್ಲಿ ಸೇವೆ ಮಾಡಿದವರಿಗೆ ಈ ಸಮಾಧಾನದ ರುಚಿ ಹೊಸದಲ್ಲವೆಂದು ನಾವು ಬಲ್ಲೆವು.

ಮುಂದೆ ಫೈವ್ಸ್, ಜೆಸ್ಸಿ, ಹಾರ್ಡ್‌ಕೇಸ್ ಎಂಬ ಮೂವರು ಯೋಧರು ಅಪ್ಪಣೆಯನ್ನು ಮೀರಿ, ಹಿಡಿದು ತಂದ ಶತ್ರುವಿಮಾನಗಳಲ್ಲಿಯೇ ಹಾರಿ, ಶತ್ರುವಿಗೆ ಸಾಮಗ್ರಿ ಒದಗಿಸುತ್ತಿದ್ದ ಹಡಗನ್ನು ನಾಶಮಾಡುತ್ತಾರೆ. ಹಾರ್ಡ್‌ಕೇಸ್ ಅಲ್ಲಿಯೇ ಮಡಿಯುತ್ತಾನೆ. ಗೆದ್ದು ಬಂದ ಇಬ್ಬರಿಗೆ ಕ್ರೆಲ್ ವಿಧಿಸಿದುದು ಮರಣದಂಡನೆ. ಗುಂಡಿಕ್ಕಲು ನಿಂತ ಸಂಗಾತಿಗಳೆಲ್ಲರೂ ಬೇಕೆಂದೇ ಗುರಿ ತಪ್ಪಿಸುತ್ತಾರೆ. ಇದರಿಂದ ಕೆರಳಿದ ಕ್ರೆಲ್, ಶತ್ರುಗಳು ನಮ್ಮವರ ಕವಚವನ್ನೇ ತೊಟ್ಟು ಬರುತ್ತಿದ್ದಾರೆಂದು ಹೇಳಿ ದಳವನ್ನು ಕಾಡಿಗಟ್ಟುತ್ತಾನೆ. ಕತ್ತಲೆಯಲ್ಲಿ ಘೋರ ಕಾಳಗ ನಡೆಯುತ್ತದೆ. ಬಿದ್ದವನೊಬ್ಬನ ಶಿರಸ್ತ್ರಾಣವನ್ನು ತೆಗೆದು ನೋಡಿದ ರೆಕ್ಸನಿಗೆ ಕಂಡದ್ದು ತನ್ನದೇ ಮುಖ. ಎದುರಿಗಿದ್ದವರು 212ನೆಯ ದಳದ ಸೋದರರು. ಅವರಿಗೂ ಇದೇ ಸುಳ್ಳನ್ನು ಹೇಳಿ ಕಳುಹಿಸಲಾಗಿತ್ತು. ಅವರ ಮುಂದಾಳು ವ್ಯಾಕ್ಸರ್ ಇದನ್ನು ತಿಳಿಸಿ ಕಣ್ಣೀರಿಡುತ್ತ ಪ್ರಾಣಬಿಡುತ್ತಾನೆ.

ರೆಕ್ಸ್ ಆಗ ಕ್ರೆಲ್‌ನನ್ನು ಬಂಧಿಸಲು ಹೋಗುತ್ತಾನೆ. ಅನೇಕರ ಪ್ರಾಣವ್ಯಯದ ಬಳಿಕ ಕ್ರೆಲ್ ಸೆರೆಸಿಕ್ಕುತ್ತಾನೆ. ಸೆರೆಯಲ್ಲಿ ಅವನು ಏನನ್ನೂ ಮುಚ್ಚುವುದಿಲ್ಲ. ಗಣರಾಜ್ಯವು ಕುಸಿದು ಹೊಸದೊಂದು ಪ್ರಭುತ್ವವು ಬರುವುದನ್ನು ತಾನು ಮುಂಗಂಡೆನೆಂದೂ, ಉಂಬಾರಾವನ್ನು ಸೋತುಕೊಟ್ಟು ಶತ್ರುನಾಯಕನಾದ ಕೌಂಟ್ ಡೂಕುವಿನ ಶಿಷ್ಯನಾಗಬೇಕೆಂದಿದ್ದೆನೆಂದೂ ನಗುತ್ತ ಹೇಳುತ್ತಾನೆ.

ಕ್ರೆಲ್ ದ್ರೋಹಿಯಾದುದು ಯಾವ ದಿನ? ಈ ಪ್ರಶ್ನೆಯೇ ನಮಗೆ ಮುಖ್ಯವಾದುದು. ತಪ್ಪೊಪ್ಪಿಗೆಯ ದಿನವೆಂದು ಉತ್ತರ ಹೇಳುವವರು ಕಥೆಯನ್ನು ಕೊನೆಯಿಂದ ಓದಿದವರು. ನಮ್ಮ ಅಭಿಪ್ರಾಯದಲ್ಲಿ, ಮನುಷ್ಯನನ್ನು ಸಂಖ್ಯೆಯಿಂದ ಕರೆದ ದಿನವೇ ದ್ರೋಹವು ಆರಂಭವಾಯಿತು. ತನ್ನನ್ನು ನಂಬಿ ನಿಂತವರ ಪ್ರಾಣಕ್ಕೆ ಬೆಲೆಯಿಲ್ಲವೆಂದು ಬಗೆದ ಅಧಿಕಾರಿಯು ಅವರನ್ನು ಶತ್ರುವಿಗೆ ಮಾರುವುದಕ್ಕೂ ವ್ಯರ್ಥವಾಗಿ ಬಲಿಗೊಡುವುದಕ್ಕೂ ನಡುವೆ ಇರುವ ಅಂತರ ಅತ್ಯಲ್ಪವಾದುದು. ಕ್ರೌರ್ಯವನ್ನು ದಕ್ಷತೆಯೆಂದು ಹೊಗಳಿದ ಮೇಲಿನವರು ಆ ಅಂತರವನ್ನೂ ಇಲ್ಲವಾಗಿಸಿದರು. ಅವನ ಗೆಲವುಗಳನ್ನು ಎಣಿಸಿದವರು ಹೆಣಗಳನ್ನೂ ಎಣಿಸಿದ್ದರೆ ಉಂಬಾರಾದ ಕಾಡಿನಲ್ಲಿ ಸೋದರರು ಸೋದರರನ್ನು ಕೊಲ್ಲಬೇಕಾಗುತ್ತಿರಲಿಲ್ಲ.

ಪ್ರತಿಯೊಬ್ಬ ಸಿಪಾಯಿಯೂ ಪ್ರತಿಯೊಂದು ಅಪ್ಪಣೆಯನ್ನು ತಕ್ಕಡಿಯಲ್ಲಿಟ್ಟು ತೂಗತೊಡಗಿದರೆ ಸೈನ್ಯ ಉಳಿದೀತೆ, ಸರಕಾರ ನಡೆದೀತೆ ಎಂದು ಕೆಲವರು ಕೇಳುವರು. ಆಕ್ಷೇಪಣೆಯು ಹಗುರವಾದುದಲ್ಲ. ಶಿಸ್ತಿಲ್ಲದ ದಂಡು ದರೋಡೆಕೋರರ ಗುಂಪೇ ಸರಿ. ಆದರೆ ಶಿಸ್ತಿನ ಶಾಸ್ತ್ರವನ್ನು ಬರೆದವರೇ ಇದಕ್ಕೆ ಎಲ್ಲೆ ಕಟ್ಟಿದ್ದಾರೆ. ನಮ್ಮ 1950ರ ಸೇನಾ ಅಧಿನಿಯಮದ 41ನೆಯ ಪ್ರಕರಣವು ಅವಿಧೇಯತೆಯನ್ನು ಶಿಕ್ಷಿಸುವಾಗ 'ಕಾನೂನುಬದ್ಧವಾದ ಆಜ್ಞೆ' ಎಂದೇ ಹೇಳುತ್ತದೆ. 1945ರ ನ್ಯೂರೆಂಬರ್ಗ್ ನ್ಯಾಯಸ್ಥಾನದ ಸನ್ನದಿನ 8ನೆಯ ವಿಧಿಯು, ಮೇಲಧಿಕಾರಿಯ ಅಪ್ಪಣೆಯಾಗಿತ್ತೆಂಬ ಮಾತ್ರಕ್ಕೆ ಅಪರಾಧಿಯು ಹೊಣೆಯಿಂದ ಪಾರಾಗಲಾರನೆಂದು ಸಾರಿತು. 1930ರ ಏಪ್ರಿಲ್ 23ರಂದು ಪೇಶಾವರದಲ್ಲಿ ನಿರಾಯುಧ ಜನರ ಮೇಲೆ ಗುಂಡು ಹಾರಿಸಲು ಒಪ್ಪದ ಚಂದ್ರಸಿಂಗ್ ಗಢವಾಲಿಯವರನ್ನು ಅಂದಿನ ಸರಕಾರ ವರ್ಷಗಟ್ಟಲೆ ಸೆರೆಯಲ್ಲಿಟ್ಟಿತು. ದೇಶವು ಅವರನ್ನು ವೀರರೆಂದು ನೆನೆಯುತ್ತಿದೆ. ಅವಿಧೇಯತೆಗೆ ತೆರಬೇಕಾದ ಬೆಲೆಯನ್ನು ತೆರಲು ಸಿದ್ಧನಾಗಿ ನಿಲ್ಲುವವನನ್ನು ಸೋಮಾರಿಯಾದ ಧಿಕ್ಕಾರಿಯೊಡನೆ ಒಂದೇ ಸಾಲಿನಲ್ಲಿ ಕೂರಿಸುವುದು ಅನ್ಯಾಯ.

ಈ ಕಥೆಯಲ್ಲಿ ಅತ್ಯಂತ ಮರುಕಕ್ಕೆ ಪಾತ್ರನಾದವನು ಡಾಗ್ಮಾ ಎಂಬ ತರುಣ ಯೋಧ. ಪ್ರಶ್ನಿಸಬಾರದ ಸಿದ್ಧಾಂತವೆಂದು ಆ ಹೆಸರಿನ ಅರ್ಥ. ಅವನು ನಿಯಮವನ್ನು ದೇವರೆಂದು ನಂಬಿದವನು. ಸಂಗಾತಿಗಳ ಮೇಲೆ ಗುಂಡಿಕ್ಕಲು ಅಪ್ಪಣೆ ಕೊಟ್ಟವನು ಅವನೇ. ಕ್ರೆಲ್‌ನನ್ನು ಹಿಡಿಯಹೊರಟವರಿಗೆ ಬಂದೂಕನ್ನು ಅಡ್ಡಹಿಡಿದವನೂ ಅವನೇ. ಕಡೆಯಲ್ಲಿ, ಶತ್ರುಗಳು ಬಂದು ಕ್ರೆಲ್‌ನನ್ನು ಬಿಡಿಸಿಯಾರೆಂಬ ಭಯದಿಂದ ರೆಕ್ಸ್ ಅವನನ್ನು ಕೊಲ್ಲಲು ಬಂದು ಕೈನಡುಗಿ ನಿಂತಾಗ, ಹಿಂದಿನಿಂದ ಗುಂಡು ಹಾರಿಸಿದವನು ಈ ಡಾಗ್ಮಾನೇ. ಆ ಗುಂಡಿಗೆ ಚಪ್ಪಾಳೆ ತಟ್ಟಲು ನಮಗೆ ಮನಸ್ಸು ಬಾರದು. ಸೆರೆಸಿಕ್ಕ ದ್ರೋಹಿಗೂ ವಿಚಾರಣೆಯುಂಟು. ಅದಿಲ್ಲದ ವಧೆಯು ಕ್ರೆಲ್ ಕಲಿಸಿದ ಪಾಠವೇ ಆಗುತ್ತದೆ. ಕುರುಡು ವಿಧೇಯತೆಯು ಒಡೆದಾಗ ವಿವೇಕವು ಹುಟ್ಟುತ್ತದೆಂಬ ಭರವಸೆಯಿಲ್ಲ. ಪ್ರಶ್ನೆ ಕೇಳುವ ಅಭ್ಯಾಸವಿಲ್ಲದವನಿಗೆ ಶರಣಾಗತಿ, ಇಲ್ಲವೇ ಕೊಲೆ, ಎಂಬ ಎರಡೇ ದಾರಿಗಳು ಕಾಣುತ್ತವೆ.

ಕಥೆಯ ಮುಂದಿನ ಭಾಗವು ಇನ್ನೂ ದಾರುಣವಾದುದು. ಈ ಯೋಧರ ಮೆದುಳಿನಲ್ಲಿ ಹುಟ್ಟುವ ಮೊದಲೇ ಒಂದು ಸೂಕ್ಷ್ಮಯಂತ್ರವನ್ನು ನೆಟ್ಟಿದ್ದರೆಂದೂ, ಸಮಯ ಬಂದಾಗ ಆಜ್ಞೆಯನ್ನು ಮೀರುವ ಶಕ್ತಿಯೇ ಅವರಿಗೆ ಇರದಂತೆ ಏರ್ಪಡಿಸಿದ್ದರೆಂದೂ 2014ರಲ್ಲಿ ಬಂದ ಅಧ್ಯಾಯಗಳು ತಿಳಿಸುತ್ತವೆ. ಆ ಗುಟ್ಟನ್ನು ಕಂಡುಹಿಡಿದವನು ಅದೇ ಫೈವ್ಸ್. ಅವನ ಮಾತನ್ನು ಯಾರೂ ನಂಬಲಿಲ್ಲ, ಅವನು ಕೊಲ್ಲಲ್ಪಟ್ಟನು. ಸರ್ವಾಧಿಕಾರಿಯು ಸೈನಿಕನ ಬಂದೂಕಿಗೆ ಅಂಜುವುದಿಲ್ಲ, ಅವನು 'ಏಕೆ?' ಎಂದು ಕೇಳಿಯಾನೆಂದು ಅಂಜುತ್ತಾನೆ.

ನಮ್ಮ ತಲೆಯಲ್ಲಿ ಯಾರೂ ಯಂತ್ರವನ್ನು ನೆಟ್ಟಿಲ್ಲ. ಆದುದರಿಂದ ನಮಗೆ ನೆಪವೂ ಇಲ್ಲ. ಅಧಿಕಾರದಲ್ಲಿರುವ ಮಹನೀಯರು ತಮ್ಮ ಕೈಕೆಳಗಿನವರ ಹೆಸರುಗಳನ್ನು ಅರಿತಿರಲಿ. ಕೈಕೆಳಗಿನವರು ಅನುಚಿತವೆನಿಸಿದ ಅಪ್ಪಣೆಗೆ ಮೊದಲ ದಿನವೇ, ಮರ್ಯಾದೆ ತಪ್ಪದೆ, ಬರವಣಿಗೆಯಲ್ಲಿ ಕಾರಣ ಕೇಳಲಿ. ರೆಕ್ಸ್ ಕೊನೆಯ ದಿನ ಕೇಳಿದನು. ಅಷ್ಟರಲ್ಲಿ ಕಾಡಿನ ತುಂಬ ಅವನ ಸೋದರರ ಹೆಣಗಳು ಬಿದ್ದಿದ್ದುವು.